ಸಾಮಾನಿನ ಗಾಡಿ ಹೊರಡುವ ಮೊದಲು

ವಿಸ್ಮಿತಾ ಗೋಡೆಯ ಮೊಳೆಯಿಂದ ಅಪ್ಪನ ಫೋಟೋ ಇಳಿಸಿದಳು. ಶಾಲಿನ ತುದಿಯಿಂದ ಗಾಜು ಒರೆಸಿದಳು. ಚೌಕಟ್ಟಿನ ಹಿಂದೆ ಕಟ್ಟಿದ್ದ ಜೇಡರ ಬಲೆ ತೆಗೆದಳು. ಅಮ್ಮನ ಹಳೆ ಸೀರೆಯಲ್ಲಿ ಎರಡು ಸುತ್ತು ಸುತ್ತಿದಳು. ಪಕ್ಕದಲ್ಲಿ ಅಮ್ಮ ದಮಯಂತಿ ಪಾತ್ರೆಗಳನ್ನು ಗೋಣಿಗೆ ತುಂಬಿಸುತ್ತಿದ್ದರು.

ಅಪ್ಪ ಧರ್ಣಪ್ಪ ತೀರಿಹೋಗಿ ಹದಿಮೂರು ವರ್ಷ ಆಗಿತ್ತು. ಆಗ ವಿಸ್ಮಿತಾಳಿಗೆ ಏಳು. ಮನೆಯಲ್ಲಿ ಅವರದೆಂದು ಇದ್ದದ್ದು ಇದೊಂದೇ ಫೋಟೋ. ಇದು ಬಿಟ್ಟರೆ ಓಟಿನ ಕಾರ್ಡಿನಲ್ಲಿ ಉಗುರಿನಷ್ಟು ಗಾತ್ರದ ಮಸುಕು ಮುಖ.

ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ಬದಿಗೇ ಅವರ ಬಾಡಿಗೆ ಮನೆ. ನದಿ ನೋಡಲು, ದೋಣಿಯಲ್ಲಿ ಹೋಗಲು ಬರುವವರು ಈಗ ಹೆಚ್ಚಾಗಿದ್ದಾರೆ. ಮನೆಯ ಯಜಮಾನರು ಅದನ್ನು ಹೋಂಸ್ಟೇ ಮಾಡುತ್ತಾರಂತೆ. ಬಿಡಲು ಹೇಳಿದರು. ಅಮ್ಮನಿಗೆ ಮೂಡುಬಿದಿರೆಯ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿಯೇ ಒಂದು ಸಣ್ಣ ಮನೆಯನ್ನೂ ನೋಡಿ ಆಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಪಾತುಮ್ಮ ಬಂದರು. ಅಮ್ಮ ಮತ್ತು ಅವರು ಒಂದೇ ಸ್ವಸಹಾಯ ಸಂಘದವರು.

"ಗಾಡಿ ಯಾರದ್ದು ದಮಯಂತಿಯಕ್ಕಾ?"

"ಗೊತ್ತಿಲ್ಲ ಮಾರಾಯ್ತಿ. ಅಣ್ಣ ಮಾತಾಡಿದ್ದಾನೆ."

ಬಾಗಿಲಲ್ಲಿ ಕೂತು ಮಂಚದ ನಟ್ಟು ಬಿಚ್ಚುತ್ತಿದ್ದ ಹುಕ್ರಪ್ಪ ಮಾವ ತಲೆ ಎತ್ತಿದರು. "ಬಿ.ಸಿ. ರೋಡಿನಲ್ಲಿ ಕರೆಂಟ್ ಕಂಬಕ್ಕೆ ಚೀಟಿ ಅಂಟಿಸಿದ್ರು, ಮನೆ ಸಾಮಾನು ಸಾಗಿಸ್ತೇವೆ ಅಂತ. ಆ ನಂಬರಿಗೆ ಫೋನ್ ಮಾಡಿದೆ. ನಾಳೆ ಏಳು ಗಂಟೆಗೆ ಟೆಂಪೊ ಬರ್ತದೆ."

"ಡ್ರೈವರನ ಹೆಸರೆಂತ? ಊರು?"

ಮಾವ ಜೋರಾಗಿ ನಕ್ಕರು. "ಎಂತ ಪಾತುಮ್ಮ, ನಾನು ಟೆಂಪೊಕ್ಕೆ ಹೇಳಿದ್ದಾ, ಹೆಣ್ಣು ಕೊಡ್ಲಿಕ್ಕೆ ಹೊರಟದ್ದಾ? ಅವನ ಜಾತಕವೂ ತರಿಸ್ಬೇಕಾ?"

"ನಗಿ, ನಗಿ. ನನ್ನ ತಮ್ಮ ಗಾಡಿ ಓಡಿಸುದಲ್ವಾ, ಅದಕ್ಕೇ ಹೇಳುದು. ಅವನಿಗೆ ನಾಳೆ ಬೇರೆ ಬಾಡಿಗೆ ಉಂಟು. ಒಳ್ಳೆ ಡ್ರೈವರ್ ಕೇಳಿದ್ರೆ ಬೇಜಾರು ಮಾಡುದಿಲ್ಲ. ಬಂದ ಕೂಡ್ಲೆ ಲೈಸೆನ್ಸ್ ನೋಡಿ. ನಂಬರ್ ಪ್ಲೇಟಿನ ಫೋಟೋ ತೆಗೀರಿ. ಸಾಮಾನಿನ ಪಟ್ಟಿ ಬರ್ದು ಅವನ ಸೈನ್ ಹಾಕ್ಸಿ. ನಿಮ್ಮವರು ಒಬ್ರು ಗಾಡಿಯಲ್ಲೇ ಕೂತು ಹೋಗಿ."

"ಅದು ಹೇಗಾಗ್ತದೆ?" ಎಂದರು ಅಮ್ಮ. "ಒಂಬತ್ತೂ ಮುಕ್ಕಾಲಕ್ಕೆ ಹಾಲು ಉಕ್ಕಿಸ್ಲಿಕ್ಕುಂಟು. ಮನೆಯವರೆಲ್ಲ ದೀಪದ ಜೊತೆಗೇ ಒಳಗೆ ಹೋಗ್ಬೇಕು."

"ಹಾಗಾದ್ರೆ ಕಾರ್ಡುಗಳು, ಮದ್ದು, ಆ ಫೋಟೋ, ಇಷ್ಟಾದ್ರೂ ನಿಮ್ಮ ಕೈಯಲ್ಲಿ ಇರ್ಲಿ."

ಅಮ್ಮ ನಾಲಿಗೆ ಕಚ್ಚಿಕೊಂಡರು. "ಫೋಟೋವಾ? ಹಾಲು ಉಕ್ಕುವ ಮೊದ್ಲು ಸತ್ತವರ ಫೋಟೋ ಹೊಸ ಮನೆಯ ಹೊಸ್ತಿಲು ದಾಟ್ಲಿಕ್ಕುಂಟಾ? ದೀಪದ ಒಟ್ಟಿಗೆ ಒಂದೇ ರಿಕ್ಷಾದಲ್ಲಿ ಇಡ್ಲಿಕ್ಕೂ ಇಲ್ಲ. ಅದು ಟೆಂಪೊದಲ್ಲಿ ಬರ್ಲಿ."

"ನಿಮ್ಮ ಕ್ರಮ ನನಗೆ ಗೊತ್ತಿಲ್ಲ ಅಕ್ಕಾ. ಬೇಕಾದ್ರೆ ನನ್ನ ಮನೆಯಲ್ಲಿಟ್ಟು ಹೋಗಿ. ನಾಡಿದ್ದು ನಾನೇ ತಂದು ಕೊಡ್ತೇನೆ."

"ಛೆ, ಬೇಡ. ನಿನಗೆ ಯಾಕೆ ಸುಮ್ಮನೆ ಬಸ್ಸಿನ ತೊಂದರೆ."

ಪಾತುಮ್ಮನ ಹತ್ತಿರವೇ ಕೊಡುವ ಅಮ್ಮಾ ಎಂದು ವಿಸ್ಮಿತಾಳಿಗೆ ಹೇಳಬೇಕೆನಿಸಿತು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ದೊಡ್ಡವರ ನಡುವೆ ಮಾತಾಡುವುದು ಅವಳಿಗೆ ತಪ್ಪಿಯೇ ಹೋಗಿತ್ತು. ಫೋಟೋವನ್ನು ಕಾರ್ಡುಗಳ ಚೀಲದಲ್ಲಿಟ್ಟು ಬಾಯಿ ಕಟ್ಟಿದಳು.

ಬೆಳಿಗ್ಗೆ ನೀಲಿ ಟೆಂಪೊ ಬಂತು. ಇಬ್ಬರು ಗಂಡಸರು. ಕೆಲಸ ಚುರುಕು. ಫೋಟೋ ಇದ್ದ ಕಾರ್ಡುಗಳ ಚೀಲವೂ ಗಾಡಿ ಹತ್ತಿತು. ಮಾವ ಮೆಚ್ಚಿ ಅವರಿಗೆ ಚಾ ಕೊಡಿಸಿದರು. ವಿಸ್ಮಿತಾ ಅಂಗಳದ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. ಮಳೆ ಬಿಟ್ಟು ವಾರವಾಗಿತ್ತು. ಆದರೂ ಮುಂದಿನ ನಂಬರ್ ಪ್ಲೇಟಿನ ಮೇಲೆ ಹಸಿ ಕೆಸರಿತ್ತು. ಹಿಂದೆ ಪ್ಲೇಟೇ ಇರಲಿಲ್ಲ. ಎಡಗಡೆಯ ಕನ್ನಡಿ ಒಡೆದಿತ್ತು. ಮೂಡುಬಿದಿರೆಯಲ್ಲಿ ಮನೆ ಎಲ್ಲಿ ಎಂದು ಡ್ರೈವರ್ ಒಮ್ಮೆಯೂ ಕೇಳಲಿಲ್ಲ. ಮಾವ ಫೋನಿನಲ್ಲಿ ಹೇಳಿರಬೇಕು ಎಂದುಕೊಂಡಳು.

ಟೆಂಪೊ ಹೊರಟಿತು. ಮೂಡುಬಿದಿರೆಗೆ ಹೋಗುವ ಗಾಡಿ ಸೇತುವೆಯ ಕಡೆ ತಿರುಗಬೇಕು. ಅದು ಮೇಲ್ಕಾರ್ ಕಡೆ ತಿರುಗಿತು.

"ಅಣ್ಣಾ..." ಎಂದು ವಿಸ್ಮಿತಾ ನಾಲ್ಕು ಹೆಜ್ಜೆ ಓಡಿದಳು. ಅಮ್ಮ ತೋಳು ಹಿಡಿದು ಎಳೆದರು.

"ಶ್! ಒಳ್ಳೆ ಕೆಲಸಕ್ಕೆ ಹೊರಟ ಗಾಡಿಯನ್ನು ಹಿಂದಿನಿಂದ ಕರೀಲಿಕ್ಕಿಲ್ಲ. ಡೀಸೆಲ್ ಹಾಕಿಸ್ಲಿಕ್ಕೆ ಹೋಗಿರ್ಬೇಕು. ರಿಕ್ಷಾ ಹತ್ತು."

ಹಾಲು ಸರಿಯಾದ ಹೊತ್ತಿಗೇ ಉಕ್ಕಿತು. ದೀಪ ಹಚ್ಚಿ ಆಯಿತು. ಬರಿಯ ನೆಲದಲ್ಲಿ ಮೂವರೂ ಕೂತರು. ಹನ್ನೊಂದಾಯಿತು, ಒಂದಾಯಿತು. ಮಾವನ ಫೋನಿಗೆ ಆ ಕಡೆಯಿಂದ ಸ್ವಿಚ್ ಆಫ್ ಎಂಬ ಒಂದೇ ಉತ್ತರ. ನಾಲ್ಕು ಗಂಟೆಗೆ ಅಮ್ಮ ಎದ್ದು ಗೇಟಿನ ಹತ್ತಿರ ಹೋಗಿ ನಿಂತರು. ಮತ್ತೆ ಒಳಗೆ ಬರಲಿಲ್ಲ.

ಠಾಣೆಯಲ್ಲಿ ಪೊಲೀಸರು ದೂರು ಬರೆದುಕೊಂಡರು. "ಗಾಡಿಯ ನಂಬರ್?" "ನೋಡ್ಲಿಲ್ಲ," ಎಂದರು ಮಾವ. "ಡ್ರೈವರನ ಹೆಸರು? ಯಾವ ಕಡೆಯವನು?" ಅದೂ ಇಲ್ಲ. ವಿಸ್ಮಿತಾ ಮೆಲ್ಲ ಹೇಳಿದಳು, "ನೀಲಿ ಬಣ್ಣ ಸರ್. ಎಡದ ಕನ್ನಡಿ ಒಡೆದಿತ್ತು."

"ಅಷ್ಟು ನೋಡಿದ್ದೀಯ. ಆಗಲೇ ಹೇಳ್ಬಹುದಿತ್ತಲ್ಲ ಮಗಾ," ಎಂದರು ಪೊಲೀಸರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನಿಸಿತು.

ತಿಂಗಳು ನಾಲ್ಕಾಯಿತು. ಗಾಡಿ ಸಿಗಲಿಲ್ಲ. ಕಾರ್ಡುಗಳಿಗೆ ಬೇರೆ ಅರ್ಜಿ ಕೊಟ್ಟರು. ಪಾತ್ರೆಗಳನ್ನು ಸಂಘದವರು ಕೊಟ್ಟರು. ಒಂದು ದಿನ ಗಂಜಿ ಬಡಿಸುತ್ತ ಅಮ್ಮ ಕೈ ನಿಲ್ಲಿಸಿದರು.

"ಅಪ್ಪನಿಗೆ ಮಚ್ಚೆ ಇದ್ದದ್ದು ಎಡ ಕೆನ್ನೆಯಲ್ಲಿ ಅಲ್ವಾ?"

"ಬಲದಲ್ಲಿ ಅಲ್ವಾ ಅಮ್ಮಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಡೆ ನೋಡಲು ಗೋಡೆಯಲ್ಲಿ ಏನೂ ಇರಲಿಲ್ಲ. ಅಮ್ಮ ಅಂದು ಊಟ ಮಾಡಲಿಲ್ಲ.

ಪಾತುಮ್ಮ ತಮ್ಮ ಮನೆಯಲ್ಲಿದ್ದ ಹಳೆಯ ಮಂಚವನ್ನು ಅವರಿಗೆ ಕೊಟ್ಟರು. ತಮ್ಮನ ಟೆಂಪೊದಲ್ಲಿ ಹಾಕಿಸಿದರು. ತರಲು ಹೋದ ಹುಕ್ರಪ್ಪ ಮಾವ, ಗುರುತಿನವನೇ ಆದರೂ, ನಂಬರ್ ಪ್ಲೇಟಿನ ಫೋಟೋ ತೆಗೆದರು. ಚೀಟಿಯಲ್ಲಿ ಬರೆದು ಸೈನ್ ಹಾಕಿಸಿದರು. ತಾವೇ ಮುಂದೆ ಹತ್ತಿ ಕೂತರು.

"ಹುಕ್ರಪ್ಪಣ್ಣಾ, ಒಂದು ಮಂಚಕ್ಕೆ ಇಷ್ಟು ಕಾಗದವಾ?" ಎಂದು ಪಾತುಮ್ಮನ ತಮ್ಮ ತಮಾಷೆ ಮಾಡಿದ.

ಮಾವ ನಗಲಿಲ್ಲ. "ಬೇಕು ಮಾರಾಯ. ನನಗೆ ಬುದ್ಧಿ ಬಂದದ್ದು ತಡ."

ಮಂಚದ ಜೊತೆಗೇ ಮೂಡುಬಿದಿರೆಗೆ ಬಂದಿದ್ದ ಪಾತುಮ್ಮ ಕೇಳಿದರು, "ಆ ಫೋಟೋ ಯಾವ ಸ್ಟುಡಿಯೋದಲ್ಲಿ ತೆಗೆಸಿದ್ದು ಅಕ್ಕಾ? ಅಲ್ಲಿ ಇನ್ನೊಂದು ಸಿಕ್ಕಬಹುದಾ?"

"ಸ್ಟುಡಿಯೋಗೆ ಎಲ್ಲಿ ಹೋದವರು ಅವರು! ಮದುವೆಮನೆಗಳಲ್ಲಿ ಅಡುಗೆಗೆ, ಬಡಿಸ್ಲಿಕ್ಕೆ ಹೋಗ್ತಿದ್ದದ್ದಲ್ವಾ? ವಿಟ್ಲದ ಯಾರದೋ ಮದುವೆಯ ಊಟದ ಫೋಟೋದಿಂದ ಮುಖ ಮಾತ್ರ ದೊಡ್ಡದು ಮಾಡಿಸಿ ಕೊಟ್ರು. ಯಾರ ಮದುವೆ ಅಂತ ಈಗ ನೆನಪಿಲ್ಲ."

ಮುಂದಿನ ವಾರ ಮೂಡುಬಿದಿರೆಯ ಹೊಸ ಸಂಘದ ಸಭೆಯಲ್ಲಿ ವಿಸ್ಮಿತಾ ಎದ್ದು ನಿಂತಳು. ಅಮ್ಮನಿಗೇ ಆಶ್ಚರ್ಯ. ಕೈಯಲ್ಲಿದ್ದ ಕಾಗದ ಬಿಡಿಸಿ ಓದಿದಳು.

"ಅಕ್ಕಂದಿರೇ, ಮನೆ ಬದಲಿಸುವಾಗ ಕಂಬದ ಚೀಟಿ ನಂಬಬೇಡಿ. ಗುರುತಿನವರ ಹತ್ತಿರ ವಿಚಾರಿಸಿ ಗಾಡಿಗೆ ಹೇಳಿ. ಡ್ರೈವರನ ಹೆಸರು, ಊರು, ಲೈಸೆನ್ಸ್ ಕೇಳಲು ನಾಚಬೇಡಿ. ನಂಬರ್ ಪ್ಲೇಟ್ ಕಾಣದಿದ್ದರೆ ಸಾಮಾನು ಹತ್ತಿಸಲೇಬೇಡಿ. ಪಟ್ಟಿ ಬರೆದು ಸೈನ್ ಹಾಕಿಸಿ, ಒಬ್ಬರು ಜೊತೆಗೆ ಹೋಗಿ. ಮತ್ತೆ ಸಿಕ್ಕದಂಥದ್ದನ್ನು ನಿಮ್ಮ ಮಡಿಲಲ್ಲೇ ಇಟ್ಟುಕೊಳ್ಳಿ. ಒಳಗೆ ತರಬಾರದು ಎಂದಿದ್ದರೆ ಹಾಲು ಉಕ್ಕುವವರೆಗೆ ಒಬ್ಬರು ಅದನ್ನು ಹಿಡಿದು ಹೊರಗೆ ನಿಲ್ಲಿ. ಗಾಡಿ ತಪ್ಪು ದಾರಿ ಹಿಡಿದರೆ ಹಿಂದಿನಿಂದ ಕರೆಯಿರಿ. ಜೋರಾಗಿ ಕರೆಯಿರಿ."

ಕಾಗದದಲ್ಲಿ ಬರೆದದ್ದು ಅಷ್ಟೇ ಇತ್ತು. ಅವಳು ಕೂರಲಿಲ್ಲ.

"ನಿಮ್ಮ ಮನೆಯಲ್ಲಿ, ನೆಂಟರ ಮನೆಯಲ್ಲಿ ಹದಿಮೂರು ವರ್ಷಕ್ಕೂ ಹಿಂದೆ ಮದುವೆ ಆಗಿದ್ರೆ, ವಿಟ್ಲದ ಕಡೆ, ಬಂಟ್ವಾಳದ ಕಡೆ... ಊಟದ ಪಂಕ್ತಿಯ ಫೋಟೋ ಇರ್ತದಲ್ಲ. ಅದರಲ್ಲಿ ಬಡಿಸುವವರನ್ನು ಸ್ವಲ್ಪ ನೋಡಿ. ತೆಳ್ಳಗೆ, ಎತ್ತರ. ಕೆನ್ನೆಯಲ್ಲಿ ಮಚ್ಚೆ ಉಂಟು. ಯಾವ ಕೆನ್ನೆ ಅಂತ ಗೊತ್ತಿಲ್ಲ."

ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಒಬ್ಬರು ಸೆರಗು ಸರಿ ಮಾಡಿಕೊಂಡರು.

ವಿಸ್ಮಿತಾ ಇನ್ನೊಮ್ಮೆ ಕೇಳಿದಳು.

"ಆಲ್ಬಮ್ ಒಮ್ಮೆ ತೆಗೆದು ನೋಡ್ತೀರಾ?"