ನಾಲ್ಕು ಕಿಂಡಿಯ ದ್ವೀಪ

ರೈಲು ಕುಲುಕಿದಾಗಲೆಲ್ಲ ತೊಡೆಯ ಮೇಲಿನ ಪೊಟ್ಟಣ ಜಾರುತ್ತದೆ, ಹಿಡಿದುಕೊಳ್ಳುತ್ತೇನೆ, ನೀಲಿ ಕಾಗದದ ತುಂಬ ಮತ್ಸುಶಿಮಾದ ಪುಟ್ಟ ಪುಟ್ಟ ದ್ವೀಪಗಳು, ತಲೆಯ ಮೇಲೆ ಪೈನ್ ಮರಗಳು, ಮೂಲೆಯಲ್ಲಿ ಆ ನಾಲ್ಕು ಕಿಂಡಿಯದು — ಯಾಕೆ ಅಂಗಡಿಗೆ ಹೋದೆ, ಸಿಂಪಿಯ ಚಿಪ್ಪು ಬಿಡಿಸುವ ನೀರಿನ ಕೆಲಸಕ್ಕೆ ಹೋಗ್ತೀನಿ ಅಂತ ಅಜ್ಜಿಗೆ ಸುಳ್ಳು ಹೇಳಿ, ರಬ್ಬರ್ ಬೂಟನ್ನೂ ಚೀಲಕ್ಕೆ ತುಂಬಿಕೊಂಡು ಅಮ್ಮನನ್ನು ಕಾಣಲು ಹೊರಟವಳು, ಇಬ್ಬರೂ ಪ್ರವಾಸಿ ಲಾಂಚು ಇಳಿದದ್ದೇ ತಿಂಡಿ ಕೊಳ್ಳುವ ಸಾಲಿನಲ್ಲಿ ನಿಂತುಬಿಟ್ಟೆ, ಪರವೂರಿಗೆ ಹೋದವರು ಬರಿಗೈಯಲ್ಲಿ ಮನೆಗೆ ಬರಬಾರದು, ಕಾಲಿಗೆ ಅಷ್ಟೇ ಗೊತ್ತು. ಅಮ್ಮ ನಕ್ಕಳು, ಅಯ್ಯೋ ಹುಚ್ಚಿ, ಕದ್ದುಮುಚ್ಚಿ ಬಂದವಳು ಗುರುತು ಹೊತ್ಕೊಂಡು ಹೋಗ್ತೀಯಲ್ಲೇ. ಹನ್ನೊಂದು ವರ್ಷದ ಮೇಲೆ ಕಂಡ ಅಮ್ಮ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ನನ್ನ ಹಾಗೆಯೇ, ಅಲ್ಲ, ನಾನು ಅವಳ ಹಾಗೆ. ನನ್ನ ಕೈ ಸರಿಸಿ ತಾನೇ ದುಡ್ಡು ಕೊಟ್ಟಳು, ನಿಮ್ಮಪ್ಪನಿಗೆ ಹೂರಣ ಅಂದ್ರೆ ಪ್ರಾಣ, ನಾನು ಕೊಡಿಸಿದ್ದು ಅನ್ನಬೇಡ ಮತ್ತೆ. ತಲೆಯಾಡಿಸಿದೆ, ಲಾಂಚಿನಲ್ಲೇ ಹೇಳಬೇಕಿತ್ತು — ಎಡಕ್ಕೆ ನೋಡಿ, ಅಲೆ ಕೊರೆದ ನಾಲ್ಕು ಕಿಂಡಿಗಳು, ನೀರು ನುಗ್ಗಿದರೆ ಗಂಟೆಯ ಸದ್ದು ಬರುತ್ತದೆ ಎಂದಿತು ಧ್ವನಿವರ್ಧಕ, ಎಲ್ಲರೂ ಕಿವಿಗೊಟ್ಟರು, ಎಂಜಿನ್ನಿನ ಗುಡುಗುಡು ಬಿಟ್ಟು ಏನೂ ಕೇಳಲಿಲ್ಲ, ಆಗಲೇ ಅಮ್ಮ, ನಿಮ್ಮಪ್ಪ ಹೇಗಿದ್ದಾನೆ ಮಿನೋರಿ, ಕುಡಿಯೋದು ಬಿಟ್ನಾ. ಕಿಂಡಿಗಳಾಚೆ ಸಮುದ್ರ, ನಾಲ್ಕು ತುಂಡು ಬೆಳಕು. ಬಿಟ್ಟಿದ್ದಾನೆ ಅಂದೆ. ಸುಳ್ಳೂ ಅಲ್ಲ. ಫೆಬ್ರವರಿಯಲ್ಲಿ ಅವನನ್ನು ಸುಟ್ಟ ಮೇಲೆ ಅಜ್ಜಿ, ಮನೆ ಬಿಟ್ಟು ಹೋದವಳಿಗೆ ಯಾಕೆ ಸಾವಿನ ಸುದ್ದಿ, ತಿಳಿಸಕೂಡದು ಅಂದಿದ್ದಳು, ನಾನು ತಲೆಯಾಡಿಸಿದ್ದೆ, ಯಾವಾಗಲೂ ತಲೆಯಾಡಿಸುತ್ತೇನೆ. ನಮ್ಮ ಸ್ಟೇಷನ್ನಿನಲ್ಲಿ ಕಸದ ಡಬ್ಬಿಯ ಮುಂದೆ ನಿಲ್ಲುತ್ತೇನೆ, ಎಸೆಯಲು ಆಗುವುದಿಲ್ಲ, ಅಪ್ಪನ ಪಾಲು ಅದು, ಮನೆಗೆ ಬಂದ ತಿಂಡಿ ಮೊದಲು ಅವನ ಪಟಕ್ಕೆ, ಆಮೇಲೆ ನಮಗೆ. ಬಾಗಿಲಲ್ಲೇ ಅಜ್ಜಿ ಬೂಟು ಮುಟ್ಟಿ ನೋಡುತ್ತಾಳೆ, ಒಣಗೇ ಇದೆಯಲ್ಲೇ, ನೀಲಿ ಕಾಗದವನ್ನು ನೋಡುತ್ತಾಳೆ, ಅಮ್ಮ ಇರುವ ಕಡೆಯದೆಂದು ಅವಳಿಗೂ ಗೊತ್ತು, ಒಂದು ಪಕ್ಕ ನೋಡುತ್ತಾಳೆ, ಇನ್ನೊಂದು ಪಕ್ಕ, ಅಪ್ಪ ಹೋದದ್ದು ಅವಳಿಗೆ ಹೇಳಿದ್ಯಾ. ಇಲ್ಲ. ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಅಪ್ಪನ ಪಟದ ಮುಂದಿಡುತ್ತಾಳೆ, ಪಟದ ಪಕ್ಕದ ಕಂಚಿನ ಗಂಟೆ-ಬಟ್ಟಲಿಗೆ ಕೋಲು ತಾಗಿಸಿ ಸದ್ದು ಮಾಡುತ್ತಾಳೆ, ಹಾಗಾದ್ರೆ ಮೊದಲು ಇವನಿಗೆ ಹೇಳು, ಯಾರು ಕೊಡಿಸಿದ್ದು ಅಂತ — ಕೈ ಮುಗಿಯುತ್ತೇನೆ, ಅಪ್ಪ, ಇದು, ಗಂಟೆಯ ಸದ್ದು ಇನ್ನೂ ನಿಂತಿಲ್ಲ, ಅಪ್ಪ, ಕಣ್ಣು ಮುಚ್ಚಿದರೆ ನಾಲ್ಕು ಕಿಂಡಿ, ನಾಲ್ಕು ಕಿಂಡಿ, ಆಚೆ ಸಮುದ್ರ