ಗುರುಸಿದ್ದಮ್ಮ ಹೇಳಿದ್ದು

"ಗುರುಸಿದ್ದಕ್ಕನ ಕೊನೇ ಮಾತು ಕೇಳಿ ಐಸಿಯುನಲ್ಲಿದ್ದ ಆರು ಜನ ಪೇಷಂಟುಗಳು ಎದ್ದು, ತಮ್ಮ ತಮ್ಮ ಕಾರು ತಾವೇ ಡ್ರೈವ್ ಮಾಡ್ಕೊಂಡು ಮನೆಗೆ ಹೋದ್ರು," ಎನ್ನುತ್ತ ಶ್ರೀನಿ ವ್ಯಾನಿನ ಹಿಂಬಾಗಿಲಿನಿಂದ ಚೆಂಡುಹೂವಿನ ಮೂರನೆಯ ಬುಟ್ಟಿಯನ್ನು ಎಳೆದ.

ಬುಟ್ಟಿಯ ಇನ್ನೊಂದು ಕಿವಿ ಹಿಡಿದಿದ್ದ ನೆರೆಮನೆಯ ವಿಜಿ, "ಅವರ ಡಿಸ್ಚಾರ್ಜ್ ಪೇಪರಿಗೆ ಯಾರು ಸೈನ್ ಹಾಕಿದ್ರು ಅಂಕಲ್?" ಎಂದಳು.

"ನಾನೇ."

"ಗೊತ್ತಿತ್ತು," ಎಂದ ವಿಜಿ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ನಡೆದಳು. ಅವಳ ಎಲ್ಲ ಸೀರೆಗಳಿಗೂ ಫಾಲ್ ಹಚ್ಚಿಕೊಟ್ಟವಳು ಗುರುಸಿದ್ದಮ್ಮ. ಇವತ್ತು ಉಟ್ಟಿದ್ದ ಬಿಳಿ ಸೀರೆಗೂ.

ವುಡ್‌ಬ್ರಿಡ್ಜ್‌ನ ಫ್ಯೂನರಲ್ ಹೋಮಿಗೆ ಅಂತಿಮ ದರ್ಶನಕ್ಕೆಂದು ಬಂದವರು ಮೂವತ್ತೆಂಟು ಮಂದಿ. ಶ್ರೀನಿಯ ಪ್ರಕಾರ ನಾಲ್ಕು ಸಾವಿರ. ಇನ್ನೆರಡು ಸಾವಿರ ಮಂದಿ ಎಕ್ಸಿಟ್ ಸಿಗದೆ ಟರ್ನ್‌ಪೈಕ್ ಹೆದ್ದಾರಿಯ ಮೇಲೆ ಬೆಳಗಿನಿಂದ ಸುತ್ತುತ್ತಿದ್ದರು. ಒಳಗೆ ಎಸಿ ಎಷ್ಟು ಜೋರಾಗಿತ್ತೆಂದರೆ ಹೂವುಗಳಿಗೇ ನೆಗಡಿಯಾಗಿತ್ತು. ಹಾಲಿನ ತುದಿಯಲ್ಲಿ, ತೆರೆದ ಪೆಟ್ಟಿಗೆಯಲ್ಲಿ, ಹಣೆತುಂಬ ವಿಭೂತಿ ಬಳಿದುಕೊಂಡು, ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು, ಇಳಕಲ್ ಸೀರೆಯಲ್ಲಿ ಗುರುಸಿದ್ದಮ್ಮ ಮಲಗಿದ್ದಳು. ಅವರ ಪದ್ಧತಿಯಲ್ಲಿ ಕೂರಿಸಿ ಹೂಳಬೇಕು. ಇಲ್ಲಿಯ ಪೆಟ್ಟಿಗೆಗಳಿಗೆ ಮಲಗಿಸುವುದಷ್ಟೇ ಗೊತ್ತು.

"ಗವರ್ನರ್ ಹತ್ತಿರ ಮಾತಾಡಿದ್ದೀನಿ," ಎಂದ ಶ್ರೀನಿ. "ಮುಂದಿನ ವಾರದಿಂದ ಕೂರಿಸಬಹುದಂತೆ."

ಯಾರೂ ನಗಲಿಲ್ಲ. ಪೂಜೆ ಮಾಡಿಸಬೇಕಾದ ಅಯ್ಯನವರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಅವರು ಬರುವವರೆಗೆ ಮಾಡಲು ಏನೂ ಇರಲಿಲ್ಲ. ಮಾಡಲು ಏನೂ ಇಲ್ಲದ ಹೊತ್ತಿನಲ್ಲಿ ಮುಂದಿನ ಕುರ್ಚಿಯಲ್ಲಿ ಕೂತಿದ್ದ ಮಗ ಶಿವಕಿರಣ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ.

"ಅಂಕಲ್, ಇನ್ನೊಮ್ಮೆ ಹೇಳ್ರಿ. ಅವತ್ತ ಅವ್ವ ಏನಂದ್ಲು?"

ಶ್ರೀನಿ ಇದನ್ನು ಈಗಾಗಲೇ ಹದಿನಾಲ್ಕು ಸಲ ಹೇಳಿದ್ದ. ಮೊದಲ ಸಲ ಅದು ಸಣ್ಣ ಮಾತಾಗಿತ್ತು: ಮಗನಿಗೋಸ್ಕರ ಹೋರಾಡುತ್ತೇನೆ. ಏಳನೆಯ ಸಲಕ್ಕೆ ಗುರುಸಿದ್ದಮ್ಮ ಮುಷ್ಟಿ ಎತ್ತಿದ್ದಳು. ಇವತ್ತು ಹಾಸಿಗೆಯ ಮೇಲೆ ಎದ್ದು ನಿಂತೇಬಿಟ್ಟಳು.

"ನನ್ನ ಶಿವೂಗೋಸ್ಕರ ಯಮನ ಕೈಯನ್ನೇ ತಿರುಚ್ತೀನಿ ಅಂದ್ರು ಕಣಯ್ಯ. ಎಲ್ಲಾ ಟ್ರೀಟ್‌ಮೆಂಟೂ ಮಾಡಿ, ಏನೂ ಬಿಡಬೇಡಿ ಅಂದ್ರು. ನರ್ಸುಗಳು ಅಳ್ತಾ ನಿಂತಿದ್ರು."

ಶಿವಕಿರಣ ತಲೆ ತಗ್ಗಿಸಿದ. "ನನ್ನ ಸಂಬಂಧ," ಎಂದ. ಪಕ್ಕದಲ್ಲಿ ಬಂದು ಕೂತ ವಿಜಿಗೆ ಹೇಳಿದನೋ ತನಗೇ ಹೇಳಿಕೊಂಡನೋ. "ನನ್ನ ಸಂಬಂಧ ಒಂಬತ್ತ ದಿನಾ ಆ ಪೈಪ್ ಗಂಟಲದಾಗ ಇಟಗೊಂಡ ಬಿದ್ದಿದ್ಲು. ಕಿತ್ತಗೋತಾಳಂತ ಎರಡೂ ಕೈ ಮಂಚಕ್ಕ ಕಟ್ಟಿದ್ರು. ಒಂದ ಇಂಜೆಕ್ಷನ್ ಅಂದ್ರ ಮನಿ ಬಿಟ್ಟ ಓಡಾಕಿ ಆಕಿ. ಬ್ಯಾಡ ಅಂತ ನಾ ಯಾಕ ಅನಲಿಲ್ಲ? ಆಕೀನ ಹೋರಾಡ್ತೀನಿ ಅಂದಾಳಂತ ಸುಮ್ಮನಾದೆ. ನಾ ಇರಲಿಲ್ಲಂದ್ರ ಆಕಿ ಆರಾಮ ಹೋಗ್ತಿದ್ಲು."

ಶ್ರೀನಿ ಹೂವಿನ ಬುಟ್ಟಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಟ್ಟ. ಮತ್ತೆ ಮೊದಲಿದ್ದಲ್ಲೇ ತಂದಿಟ್ಟ.

*

ಗುಳೇದಗುಡ್ಡದಿಂದ ಬಂದ ಗುರುಸಿದ್ದಮ್ಮ ಮಗನ ಅಪಾರ್ಟ್‌ಮೆಂಟಿನ ಕಿಟಕಿಯ ಪಕ್ಕ ಕೂತು ಇಪ್ಪತ್ತೊಂದು ವರ್ಷ ಸೀರೆಗಳಿಗೆ ಫಾಲ್ ಹಚ್ಚಿದಳು. ಅವನ್ನೆಲ್ಲ ಒಂದಕ್ಕೊಂದು ಹೊಲಿದರೆ ನ್ಯೂಜೆರ್ಸಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಬಹುದೆಂದು ಶ್ರೀನಿ ಹೇಳುತ್ತಿದ್ದ. ಅಷ್ಟಿರಲಾರದು. ಆದರೂ ಬಹಳ ಇತ್ತು.

ಪ್ರತಿ ಬುಧವಾರ ಹೊಲಿದ ಸೀರೆಗಳನ್ನು ಸೇತುವೆ ದಾಟಿ ಜ್ಯಾಕ್ಸನ್ ಹೈಟ್ಸ್‌ನ ಅಂಗಡಿಗಳಿಗೆ ಮುಟ್ಟಿಸುವುದು ಶ್ರೀನಿಯ ಕೆಲಸ. ಅವನು ಮೈಸೂರಿನವನು, ಒಂಟಿ ಮನುಷ್ಯ. ಒಂದು ಹಳೆಯ ವ್ಯಾನು ಮತ್ತು ಒಂದು ಬಾಯಿ, ಇಷ್ಟೇ ಅವನ ಆಸ್ತಿ. ಗುರುಸಿದ್ದಮ್ಮ ಮುಂದಿನ ಸೀಟಿನಲ್ಲಿ ಕೂರುವಳು.

"ಅಕ್ಕಾ, ಈ ಸೇತುವೆ ಕಟ್ಟುವಾಗ ಇಂಜಿನಿಯರುಗಳು ನನ್ನನ್ನ ಒಂದು ಮಾತು ಕೇಳಿದ್ರು."

"ನೀ ಹುಟ್ಟೂಕಿಂತ ಮೊದಲ ಕಟ್ಟ್ಯಾರಂತಲ್ಲೋ ಅದನ್ನ."

"ಅದಕ್ಕೇ ಕಾಗದ ಬರೆದು ಕೇಳಿದ್ರು."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುವಳು. "ನಿನ್ನ ಮಾತಿನ್ಯಾಗ ಅರ್ಧಾ ತಗೀಬೇಕು. ಉಳದದ್ದರಾಗ ಮತ್ತ ಅರ್ಧಾ ತಗೀಬೇಕು. ಆಮ್ಯಾಲ ಉಳದದ್ದನ್ನ ಕಿಡಕ್ಯಾಗಿಂದ ಒಗೀಬೇಕು."

ಆ ನಗುವಿಗಾಗಿ ಶ್ರೀನಿ ಗುರುವಾರದಿಂದಲೇ ಮುಂದಿನ ಬುಧವಾರದ ಸುಳ್ಳುಗಳನ್ನು ಹೆಣೆಯಲು ಕೂರುತ್ತಿದ್ದ. ಕಳೆದ ಚಳಿಗಾಲದಲ್ಲಿ ನಗು ಕೆಮ್ಮಾಯಿತು. ಬೇಸಿಗೆಗೆ ಕೆಮ್ಮು ಆಕ್ಸಿಜನ್ ಸಿಲಿಂಡರಾಯಿತು. ಶ್ವಾಸಕೋಶ ಗಟ್ಟಿಯಾಗುತ್ತಿದೆ, ಮತ್ತೆ ಮೆತ್ತಗಾಗುವುದಿಲ್ಲ ಎಂದು ಡಾಕ್ಟರು ಶಿವಕಿರಣನಿಗೆ ಹೇಳಿದರು. ಅದನ್ನು ಅವ್ವನಿಗೆ ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

*

ಹನ್ನೊಂದು ಗಂಟೆಗೆ ಕಪ್ಪು ಕೋಟಿನ ಹುಡುಗಿಯೊಬ್ಬಳು ಒಳಗೆ ಬಂದು, ಪೆಟ್ಟಿಗೆಯ ಮುಂದೆ ಕೈಮುಗಿದು, ಏನು ಮಾಡಬೇಕೆಂದು ತಿಳಿಯದೆ ನಿಂತಳು. ಶ್ರೀನಿ ಅವಳನ್ನು ನೋಡಿದವನೇ ಬುಟ್ಟಿಯಲ್ಲಿ ಮುಖ ಹುದುಗಿಸಿ ಹೂವು ಆರಿಸತೊಡಗಿದ.

"ನಾನು ಡಾಕ್ಟರ್ ಜಾನ್ವಿ," ಎಂದು ಅವಳು ಶಿವಕಿರಣನಿಗೆ ಇಂಗ್ಲಿಷಿನಲ್ಲಿ ಹೇಳಿದಳು. "ಪ್ಯಾಲಿಯೇಟಿವ್ ಕೇರ್‌ನವಳು. ನಿಮ್ಮ ತಾಯಿಯ ಜೊತೆ ಒಮ್ಮೆ ಮಾತಾಡಿದ್ದೆ. ಐ ಆಮ್ ಸೋ ಸಾರಿ."

ಗುಣವಾಗದ ಕಾಯಿಲೆಯವರ ನೋವು ಇಳಿಸುವುದು, ಉಳಿದ ದಿನಗಳನ್ನು ಹೇಗೆ ಕಳೆಯಲು ಇಷ್ಟ ಎಂದು ಅವರನ್ನೇ ಕೇಳುವುದು, ಇದು ಜಾನ್ವಿ ಕಲಿಯುತ್ತಿದ್ದ ವಿದ್ಯೆ. ಡಾಕ್ಟರಾಗಿ ಆರು ವರ್ಷ ದುಡಿದ ಮೇಲೆ ಜುಲೈನಲ್ಲಿ ಈ ಒಂದು ವರ್ಷದ ತರಬೇತಿಗೆ ಸೇರಿದ್ದಳು. ಹುಟ್ಟಿದ್ದು ಇಲ್ಲೇ. ಅಪ್ಪ ಅಮ್ಮನ ಕನ್ನಡದಲ್ಲಿ ಅವಳ ಪಾಲಿಗೆ ಬಂದದ್ದು ಊಟ, ಸಾಕು, ಬೇಡ, ಇಂಥ ಹತ್ತು ಮಾತು.

*

ಆ ಮಾತುಕತೆಯಾಗಿ ಮೂರು ವಾರವೂ ಆಗಿರಲಿಲ್ಲ. ಗುರುಸಿದ್ದಮ್ಮನನ್ನು ಸೇರಿಸಿದ್ದ ಆಸ್ಪತ್ರೆಯ ನಾಲ್ಕನೆಯ ಮಹಡಿ, ಗುರುವಾರ ಮಧ್ಯಾಹ್ನ. ಶಿವಕಿರಣನಿಗೆ ಸೀಕಾಕಸ್‌ನ ಗೋದಾಮಿನಲ್ಲಿ ಶಿಫ್ಟು, ಮಂಚದ ಪಕ್ಕ ಕೂತಿದ್ದವನು ಶ್ರೀನಿ. ಫೋನಿನಲ್ಲಿ ದುಭಾಷಿ ಸಿಗಲು ನಲವತ್ತು ನಿಮಿಷ ಕಾಯಬೇಕೆಂದು ಯಂತ್ರ ಹೇಳಿತು. ಮನೆಯವರ ಕೈಲಿ, ಸ್ನೇಹಿತರ ಕೈಲಿ ಅನುವಾದ ಮಾಡಿಸಬಾರದು ಎಂಬುದು ಜಾನ್ವಿ ಮೊದಲ ವಾರದಲ್ಲೇ ಕಲಿತ ಪಾಠ.

"ನಲವತ್ತು ನಿಮಿಷ ಯಾಕೆ?" ಎಂದ ಶ್ರೀನಿ. "ನಾನು ವಿಶ್ವಸಂಸ್ಥೆಯಲ್ಲಿ ಹನ್ನೆರಡು ವರ್ಷ ಅನುವಾದ ಮಾಡಿದ್ದೀನಿ." ವಿಶ್ವಸಂಸ್ಥೆಯ ಎದುರಿನ ಬೀದಿಯಲ್ಲಿ ಎರಡು ತಿಂಗಳು ವ್ಯಾನು ನಿಲ್ಲಿಸಿ ಸಮೋಸಾ ಮಾರಿದ್ದು ನಿಜ.

ಜಾನ್ವಿ ತನ್ನ ಗುರು ಡಾಕ್ಟರ್ ಮಾರ್ಗರೆಟ್ ಕಡೆ ನೋಡಿದಳು. ಮೂಲೆಯಲ್ಲಿ ಕೂತು ಅವಳನ್ನು ಗಮನಿಸುವುದು ಮಾರ್ಗರೆಟ್‌ರ ಕೆಲಸ. ಮಾರ್ಗರೆಟ್ ಗಡಿಯಾರ ನೋಡಿದರು. ಹೊರಗೆ ಇನ್ನೊಂದು ಕುಟುಂಬ ಕಾಯುತ್ತಿತ್ತು.

ಕಲಿತ ಇನ್ನೊಂದು ಪಾಠ: ಪ್ರಶ್ನೆ ಕೇಳು, ಬಾಯಿ ಮುಚ್ಚು, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸು. ಜಾನ್ವಿ ಹಾಗೆಯೇ ಮಾಡಿದಳು. ಕಾಯಿಲೆ ಕೈಮೀರಿದೆ, ಉಳಿದಿರುವುದು ಎರಡೋ ಮೂರೋ ವಾರ ಇರಬಹುದು ಎಂದಳು. ಶ್ರೀನಿ ಕನ್ನಡದಲ್ಲಿ ಬಹಳ ಹೊತ್ತು ಮಾತಾಡಿದ. ಗುರುಸಿದ್ದಮ್ಮ ಅವನನ್ನೇ ನೋಡುತ್ತಿದ್ದು, ಏನೋ ಕೇಳಿದಳು. ಶ್ರೀನಿ ತನ್ನ ತಲೆಯ ಮೇಲೆ ಕೈಯಿಟ್ಟುಕೊಂಡ. ಅದು ದುಃಖದ ಗುರುತಿರಬೇಕೆಂದು ಜಾನ್ವಿ ಎಣಿಸಿದಳು.

"ಶಿ ನೋಸ್," ಎಂದ ಶ್ರೀನಿ. "ಶಿ ಈಸ್ ಎ ಟೈಗರ್."

ಈ ದಿನಗಳಲ್ಲಿ ನಿಮಗೆ ಎಲ್ಲಕ್ಕಿಂತ ಮುಖ್ಯ ಯಾವುದು? ಮಗನಿಗೋಸ್ಕರ ಹೋರಾಡುತ್ತಾಳಂತೆ, ಎಂದ ಶ್ರೀನಿ. ಉಸಿರು ನಿಲ್ಲುವ ಹಾಗಾದರೆ ಗಂಟಲಿಗೆ ಪೈಪು ಹಾಕಬಹುದು, ಅದರಿಂದ ಶ್ವಾಸಕೋಶ ಸರಿಹೋಗುವುದಿಲ್ಲ, ಹಾಕಬೇಕೆ? ಗುರುಸಿದ್ದಮ್ಮ ಹೂಂ ಎಂದು ತಲೆ ಆಡಿಸಿದಳು. ಅದನ್ನು ಜಾನ್ವಿ ಕಣ್ಣಾರೆ ಕಂಡಳು, ಹಾಗೆಯೇ ಬರೆದುಕೊಂಡಳು.

ಮೌನವನ್ನು ಚೆನ್ನಾಗಿ ಬಳಸಿದೆ, ಎಂದು ಮಾರ್ಗರೆಟ್ ಹೊಗಳಿದರು. ಮರುದಿನ ಬೆಳಗಾಗುವ ಮೊದಲೇ ಉಸಿರು ಸಿಕ್ಕಿಕೊಂಡಿತು. ಬರೆದಿಟ್ಟಂತೆ ಪೈಪು ಹಾಕಿದರು.

*

ಶಿವಕಿರಣ ಜಾನ್ವಿಗೆ ಕುರ್ಚಿ ತೋರಿಸಲಿಲ್ಲ. "ಡಾಕ್ಟ್ರೇ, ಒಂದ ಕೇಳ್ತೀನಿ. ಅವತ್ತ ಸಂಜೀಕ ಅವ್ವ ನನಗ ಫೋನ್ ಮಾಡಿದ್ಲು. ಹತ್ತ ದಿನದಾಗ ಮನಿಗೆ ಬಿಡ್ತಾರಂತ, ದೀಪಾವಳಿಗೆ ಕರ್ಚೀಕಾಯಿ ಮಾಡ್ತೀನಿ, ಒಣಕೊಬ್ರಿ ತಂದಿಡು ಅಂದ್ಲು. ಆಕಿಗೆ ಹಂಗ್ಯಾಕ ಹೇಳಿದ್ರಿ?"

ಜಾನ್ವಿಗೆ ಅರ್ಥವಾಗಲಿಲ್ಲ. ವಿಜಿ ಒಂದು ಪದವನ್ನೂ ಬಿಡದೆ, ಒಣಕೊಬ್ಬರಿಯ ಸಮೇತ, ಇಂಗ್ಲಿಷಿನಲ್ಲಿ ಹೇಳಿದಳು.

"ನಾನು ಹಾಗೆ ಹೇಳಲಿಲ್ಲ," ಎಂದಳು ಜಾನ್ವಿ. "ಎರಡು ಮೂರು ವಾರ ಬದುಕಬಹುದು ಅಂದೆ. ಮಗನಿಗೋಸ್ಕರ ಹೋರಾಡ್ತೀನಿ ಅಂತ ಅವರು ಹೇಳಿದರು. ಅದನ್ನು ನಾನು ಬರೆದಿದ್ದೇನೆ."

"ಹೋರಾಡಾಕಿ ಒಣಕೊಬ್ರಿ ಯಾಕ ಕೇಳ್ತಾಳ?" ಎಂದ ಶಿವಕಿರಣ. ಅಷ್ಟು ಹೊತ್ತಿಗೆ ಅವನು ಜಾನ್ವಿಯನ್ನು ನೋಡುತ್ತಿರಲಿಲ್ಲ.

ಶ್ರೀನಿ ಹೂವಿನ ಬುಟ್ಟಿಯಿಂದ ತಲೆ ಎತ್ತಿದ. "ಏನು ಗೊತ್ತಾ, ದೊಡ್ಡ ದೊಡ್ಡ ಯೋಧರೂ ಯುದ್ಧದ ಹಿಂದಿನ ದಿನ ಸಿಹಿ," ಎಂದು ಶುರುಮಾಡಿದ.

"ಅಂಕಲ್," ಎಂದಳು ಜಾನ್ವಿ. ತಡವರಿಸುತ್ತ, ತನ್ನ ಹತ್ತು ಮಾತಿನ ಕನ್ನಡದಲ್ಲಿ, "ಅವರು ಏನು ಹೇಳಿದ್ರು?"

ಆಮೇಲೆ ಬಾಯಿ ಮುಚ್ಚಿದಳು.

ಮೂರು ಸೆಕೆಂಡಿಗಿಂತ ಹೆಚ್ಚಿನ ಮೌನವನ್ನು ಶ್ರೀನಿ ಜನ್ಮದಲ್ಲಿ ಉಳಿಯಗೊಟ್ಟವನಲ್ಲ. ಇದು ಹತ್ತು ದಾಟಿತು. ಇಪ್ಪತ್ತು ದಾಟಿತು. ಅವನ ಲೆಕ್ಕದಲ್ಲಿ ನೂರು ವರ್ಷ ದಾಟಿತು, ಅದೊಂದು ಸಲ ಅವನ ಲೆಕ್ಕ ಬಹಳ ತಪ್ಪಿರಲಾರದು.

"ವಾರ ಅಂತ ನೀವು ಅಂದ್ರಿ," ಎಂದ ಕೊನೆಗೆ. "ನನ್ನ ಬಾಯಲ್ಲಿ ಹತ್ತು ದಿನದಲ್ಲಿ ಡಿಸ್ಚಾರ್ಜ್ ಅಂತ ಬಂತು. ಎಷ್ಟು ಸುಳ್ಳು ಹೇಳ್ತಿ ಅಂತ ಅಕ್ಕ ನಗ್ತಾರೆ ಅಂದ್ಕೊಂಡೆ. ನಗಲಿಲ್ಲ."

ವಿಜಿ ಸಣ್ಣ ದನಿಯಲ್ಲಿ ಜಾನ್ವಿಗೆ ಇಂಗ್ಲಿಷ್ ಮಾಡುತ್ತ ಹೋದಳು.

"ಶ್ರೀನಿ, ಇವತ್ತೊಂದಿನ ಖರೇ ಹೇಳು ಅಂದ್ರು. ನಾ ಸಾಯೂದಿದ್ರ ಹೇಳು, ಶಿವೂಗ ಹೇಳಿ ಮನಿಗೆ ಹೋಗ್ತೀನಿ, ಇಲ್ಲಿ ಬ್ಯಾಡ ಅಂದ್ರು. ತಲೆ ಮೇಲೆ ಕೈಯಿಟ್ಟು ಆಣೆ ಮಾಡು ಅಂದ್ರು." ಅವನ ಕೈ ತಾನಾಗಿ ಅರ್ಧದವರೆಗೆ ಎದ್ದು, ಕೆಳಗಿಳಿಯಿತು. "ಮಾಡಿದೆ."

"ನನ್ನ ಸಂಬಂಧ ಹೋರಾಡ್ತೀನಿ ಅಂದದ್ದು?"

"ಅದು ನಾನಂದದ್ದು."

"ಅವರು ತಲೆ ಆಡಿಸಿದ್ದನ್ನು ನಾನು ನೋಡಿದೆ," ಎಂದಳು ಜಾನ್ವಿ. ಅದು ಬೇಡಿಕೆಯಂತೆ ಕೇಳಿಸಿತು. "ಪೈಪು ಬೇಕೇ ಎಂದಾಗ."

"ಪೈಪಿನ ಮಾತೇ ನಾನು ಎತ್ತಲಿಲ್ಲಮ್ಮ. ನಾಳೆ ಮನೆಯಿಂದ ಮೆಂತ್ಯದ ಪಲ್ಯ ತರಲಾ ಅಂತ ಕೇಳಿದೆ. ಹೂಂ ಅಂದ್ರು."

"ನಲವತ್ತು ನಿಮಿಷ," ಎಂದಳು ಜಾನ್ವಿ. ಯಾರಿಗೂ ಹೇಳಿದ್ದಲ್ಲ.

"ಇಪ್ಪತ್ತು ವರ್ಷ ಹೇಳಿದೀನಿ ಅಕ್ಕನಿಗೆ," ಎಂದ ಶ್ರೀನಿ. "ಸೇತುವೆ, ಗವರ್ನರ್, ಎಲ್ಲಾ. ಒಂದನ್ನೂ ನಂಬಿದೋರಲ್ಲ. ನನ್ನ ಜನ್ಮದಲ್ಲಿ ಅವರು ನಂಬಿದ್ದು ಅದೊಂದನ್ನೇ."

ಶಿವಕಿರಣ ಎದ್ದು ಪೆಟ್ಟಿಗೆಯ ಹತ್ತಿರ ಹೋದ. ಅವ್ವನ ಬಲ ಮಣಿಕಟ್ಟಿನ ಸುತ್ತ ಮಂಚಕ್ಕೆ ಕಟ್ಟಿದ್ದ ಪಟ್ಟಿಯ ಜಾಗ ಒಂದು ಬಳೆಯಷ್ಟು ಅಗಲಕ್ಕೆ ಕಪ್ಪಗಾಗಿತ್ತು. ಆತ ಸೆರಗನ್ನು ಎಳೆದು ಅದರ ಮೇಲೆ ಹೊದಿಸಿದ. ರೇಷ್ಮೆಯ ಸೆರಗು, ನಿಲ್ಲಲಿಲ್ಲ, ಜಾರಿತು. ಮತ್ತೆ ಹೊದಿಸಿದ. ಅದು ಮತ್ತೆ ಜಾರಿತು.