ಅರಳುಮರಳಲ್ಲ, ಅಮೋನಿಯ

ನಮ್ಮ ಬೀದಿಯ ಹೊಲಿಗೆ ಅಕ್ಕ ಮೊನ್ನೆ ಒಂದು ಅಂಗಿಗೆ ಎರಡೂ ಎಡಗೈಯ ತೋಳುಗಳನ್ನೇ ಹೊಲಿದುಕೊಟ್ಟರು. ಮೂವತ್ತು ವರ್ಷ ಶಾಲೆಯ ಸಮವಸ್ತ್ರ ಹೊಲಿದವರು. ಮಗುವನ್ನು ಒಮ್ಮೆ ನೋಡಿದರೆ ಸಾಕು, ಟೇಪು ಹಿಡಿಯದೆ ಭುಜದ ಅಳತೆ ಹೇಳುತ್ತಿದ್ದರು. ಗಿರಾಕಿ ಅಂಗಿ ಹಿಂದಕ್ಕೆ ತಂದಾಗ ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಸರಿಯಾಗೇ ಇದ್ಯಲ್ಲ" ಎಂದರು!

ಅಕ್ಕನ ಮಗ ಬಸ್ ಡ್ರೈವರ್. ಅವನು ತೀರ್ಪು ಕೊಟ್ಟೇಬಿಟ್ಟ.

"ಅಮ್ಮಂಗೆ ಅರಳುಮರಳು. ಹಗಲೆಲ್ಲ ತೂಕಡಿಸ್ತಾಳೆ, ರಾತ್ರಿ ಕಣ್ಣು ಮುಚ್ಚಲ್ಲ. ಕೈಗೆ ಸೂಜಿ ಚುಚ್ಚಿಕೊಳ್ಳೋ ಮೊದಲು ಮಷಿನ್ ಮಾರಿಬಿಡ್ತೀನಿ. ಭಾನುವಾರ ತಗೊಂಡು ಹೋಗ್ತಾರೆ."

ಅಕ್ಕ ಮಷಿನ್ನಿನ ಮೇಲೆ ಕೈಯಿಟ್ಟು ಕೂತಿದ್ದರು.

ಶನಿವಾರ ಆರೋಗ್ಯ ಕೇಂದ್ರದ ಸಿಸ್ಟರ್ ತಮ್ಮ ಬಟ್ಟೆ ತೆಗೆದುಕೊಳ್ಳಲು ಬಂದರು. ವಿಷಯ ಕೇಳಿ, "ಅಕ್ಕಂಗೆ ಲಿವರ್ ಕಾಯಿಲೆ ಇದ್ಯಲ್ಲ, ಅದು ನೆನಪಿದ್ಯಾ?" ಎಂದರು.

ಮಗ ನಕ್ಕ. "ಲಿವರ್ ಇರೋದು ಹೊಟ್ಟೇಲಿ ಸಿಸ್ಟರ್. ಕೆಟ್ಟಿರೋದು ತಲೆ. ಎಲ್ಲಿಂದೆಲ್ಲಿಗೆ?"

"ರಕ್ತ ಎಲ್ಲಾ ಕಡೆ ಹೋಗುತ್ತಲ್ಲಪ್ಪ. ನಾವು ತಿಂದದ್ದು ಕರಗುವಾಗ ಕರುಳಲ್ಲಿ ಅಮೋನಿಯ ಅಂತ ಒಂದು ವಿಷ ಹುಟ್ಟುತ್ತೆ. ಲಿವರ್ ಚೆನ್ನಾಗಿದ್ರೆ ಅದರ ವಿಷ ತೆಗೆದು ಮೂತ್ರಕ್ಕೆ ಕಳಿಸುತ್ತೆ. ಸೋತ ಲಿವರ್ ಕೈಲಿ ಆಗಲ್ಲ. ಆಗ ಅದು ಸೀದಾ ಮಿದುಳಿಗೆ."

ಆಮೇಲೆ ಅಕ್ಕನ ಕಡೆ ತಿರುಗಿದರು. "ಅಕ್ಕ, ಬಸ್ ನಿಲ್ಲಿಸೋ ಪೊಲೀಸಿನ ಥರ ಎರಡೂ ಕೈ ಚಾಚಿ, ಅಂಗೈ ಮೇಲೆತ್ತಿ."

ಅಕ್ಕ ಕೈ ಚಾಚಿದರು. ಅಂಗೈ ನಿಲ್ಲಲಿಲ್ಲ, ಪಟಪಟ ಕೆಳಕ್ಕೆ ಬೀಳುತ್ತಿತ್ತು. ಮಗನ ನಗು ಅಲ್ಲಿಗೇ ನಿಂತಿತು.

"ಲಿವರ್‌ಗೆ ಅಂತ ಡಾಕ್ಟರ್ ಕೊಟ್ಟಿದ್ದ ಆ ಸಿಹಿ ಸಿರಪ್ ಕುಡೀತಿದ್ದೀರಾ?"

ಅಕ್ಕ ತಲೆ ತಗ್ಗಿಸಿದರು. "ಶಾಲೆ ಶುರುವಾಗೋ ಸಮಯ ಕಣಮ್ಮ. ಅದು ಕುಡಿದ್ರೆ ದಿನಕ್ಕೆ ಮೂರು ಸಲ ಹೋಗ್ಬೇಕು. ಅಳತೆ ಕೊಡೋರನ್ನ ನಿಲ್ಲಿಸಿ ಎದ್ದು ಓಡೋದು ಹೇಗೆ? ಹದಿನೈದು ದಿನದಿಂದ ಬಿಟ್ಟಿದೀನಿ. ಹೊಟ್ಟೆ ಕಟ್ಟಿದೆ."

"ಓಡ್ಲಿ ಅಂತಾನೇ ಅಕ್ಕ ಅದನ್ನ ಕೊಡೋದು! ಹೊಟ್ಟೆ ಕಟ್ಟಿದ್ರೆ ವಿಷಾನೂ ಒಳಗೇ."

ಮಗ ತೊದಲಿದ. "ಸಿಸ್ಟರ್... ನಿದ್ದೆ ಬರಲಿ ಅಂತ ನಿನ್ನೆ ನಾನೇ ಒಂದು ಮಾತ್ರೆ ಕೊಟ್ಟೆ."

"ಅದು ಇನ್ನೂ ಅಪಾಯ. ಏಳು, ಈಗಲೇ ಆಸ್ಪತ್ರೆಗೆ."

ಆಸ್ಪತ್ರೆಯಲ್ಲಿ ರಕ್ತ ತೆಗೆದು ಅಮೋನಿಯ ನೋಡಿದರು, ಉಪ್ಪಿನಂಶ ನೋಡಿದರು, ಎಲ್ಲಾದರೂ ಸೋಂಕಿದೆಯೇ ಎಂದು ಹುಡುಕಿದರು. ಕಾಗದದಲ್ಲಿ ಚೆದುರಿದ್ದ ಅಂಕಿಗಳನ್ನು ಒಂದು, ಎರಡು ಎಂದು ಗೆರೆ ಎಳೆದು ಸೇರಿಸಲು ಹೇಳಿದರು. ಅಕ್ಕ ಏಳಕ್ಕೇ ದಾರಿ ತಪ್ಪಿದರು. "ಅಮೋನಿಯದ ಲೆಕ್ಕ ಒಂದನ್ನೇ ನಂಬಲ್ಲ, ಎಲ್ಲಾ ಸೇರಿಸಿ ನೋಡ್ತೀವಿ. ಬೇಗ ಬಂದ್ರಿ, ವಿಷ ಇಳಿಯುತ್ತೆ" ಎಂದರು ಡಾಕ್ಟರ್. ಬೇಳೆ, ಮೊಟ್ಟೆ ನಿಲ್ಲಿಸಲೇ ಎಂದು ಸೊಸೆ ಕೇಳಿದ್ದಕ್ಕೆ, "ನಾವು ಹೇಳದೆ ಏನನ್ನೂ ನಿಲ್ಲಿಸಬೇಡಮ್ಮ, ಶಕ್ತಿ ಬೇಕು" ಎಂದರು.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕ ಎದ್ದು ಕೂತು ಮಗನನ್ನು ದಿಟ್ಟಿಸಿದರು. "ಏನೋ ಇದು, ಗಡ್ಡ ಬಿಟ್ಕೊಂಡು? ಡ್ಯೂಟಿಗೆ ಹೋಗಲ್ವಾ? ನನ್ನ ಮಷಿನ್ ಕೊಟ್ಟುಬಿಟ್ಟೆಯಾ?"

"ಇಲ್ಲಮ್ಮ, ಬೇಡ ಅಂತ ಹೇಳಿಬಿಟ್ಟೆ. ಇನ್ನೂ ಬೈಯಮ್ಮ" ಎಂದು ಅವನು ಬಿಕ್ಕಿಬಿಕ್ಕಿ ಅತ್ತ.

ಅಕ್ಕನ ಲಿವರ್ ಹೊಸದಾಗಿಲ್ಲ. ಸಿರಪ್ ದಿನವೂ ಬೇಕು, ತಪಾಸಣೆ ತಪ್ಪಬಾರದು. ಆದರೆ ಅಕ್ಕ ಈಗ ಅಕ್ಕನೇ.

ಓದುತ್ತಿರುವ ನಿಮಗೂ ಒಂದು ಮಾತು. ಲಿವರ್ ಕಾಯಿಲೆ ಕುಡಿಯದವರಿಗೂ ಬರುತ್ತದೆ. ಅದಿರುವವರು ನಿಮ್ಮ ಮನೆಯಲ್ಲಿದ್ದು, ಹಗಲು ತೂಕಡಿಸಿದರೆ, ಗೊತ್ತಿದ್ದ ಕೆಲಸವೇ ತಪ್ಪಿದರೆ, ಕೈ ನಡುಗಿದರೆ, ಸುಮ್ಮಸುಮ್ಮನೆ ಸಿಡುಕಿದರೆ, ನಗಬೇಡಿ, ಬೈಯಬೇಡಿ, ನಿದ್ದೆ ಮಾತ್ರೆ ಕೊಡಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಮಗೇನಾಗಿದೆ ಎಂದು ಅವರಿಗೇ ತಿಳಿಯುವುದಿಲ್ಲ. ಅವರ ಪರವಾಗಿ ನೀವೇ ಬಾಯಿಬಿಡಬೇಕು.